ಐಸ್ ಕೀಳಲು ಎಷ್ಟು ಬಲ ಬೇಕು?

ಹುಬ್ಬಳ್ಳಿ, ಮೈಸೂರಿನಂಥ ಊರುಗಳಿಗೆ ಬಂದಿಳಿಯುವ ಎಟಿಆರ್ ವಿಮಾನವನ್ನು ಹತ್ತಿರದಿಂದ ನೋಡಿದ್ದೀರಾ? ಎರಡು ದೊಡ್ಡ ಪ್ರೊಪೆಲ್ಲರ್ ತಿರುಗಿಸಿಕೊಂಡು ಹಾರುವ ಪುಟ್ಟ ವಿಮಾನ ಅದು. ಮುಂದಿನ ಸಲ ಅದರತ್ತ ನಡೆದು ಹೋಗುವಾಗ, ಸೆಲ್ಫಿ ತೆಗೆದುಕೊಳ್ಳುವ ಮೊದಲು, ರೆಕ್ಕೆಯ ಮುಂದಿನ ಅಂಚನ್ನು ಒಮ್ಮೆ ನೋಡಿ. ಕಪ್ಪು ರಬ್ಬರಿನ ಪಟ್ಟಿಯೊಂದು ಕಾಣುತ್ತದೆ. ಸೈಕಲ್ ಟ್ಯೂಬಿನಂತೆ ಗಾಳಿ ತುಂಬಿದರೆ ಉಬ್ಬುವ, ಗಾಳಿ ಬಿಟ್ಟರೆ ಚಪ್ಪಟೆಯಾಗುವ ಚೀಲ ಅದು. ಮೋಡದೊಳಗೆ ಹಾರುವಾಗ ರೆಕ್ಕೆಗೆ ಐಸ್ ಕಟ್ಟಿದರೆ ಈ ಚೀಲ ಉಬ್ಬಿ ಐಸನ್ನು ಒಡೆಯುತ್ತದೆ, ಗಾಳಿ ಅದನ್ನು ಹೊತ್ತೊಯ್ಯುತ್ತದೆ.

ನಮ್ಮ ಬಿಸಿಲೂರಿಗೆ ಬರುವ ವಿಮಾನಕ್ಕೆ ಐಸ್ ಎಲ್ಲಿಂದ ಬಂತು ಅನ್ನಬೇಡಿ. ನೆಲದಲ್ಲಿ 35 ಡಿಗ್ರಿ ಇದ್ದ ದಿನವೂ ಸುಮಾರು ಐದು ಕಿಲೊಮೀಟರ್ ಮೇಲೆ ಸೊನ್ನೆ ಡಿಗ್ರಿ ಶುರುವಾಗುತ್ತದೆ. ಅಲ್ಲಿಂದ ಮೇಲಿನ ಮೋಡಗಳಲ್ಲಿ ಸೊನ್ನೆಗಿಂತ ಕೆಳಗಿಳಿದರೂ ಹೆಪ್ಪುಗಟ್ಟದೆ ನೀರಾಗಿಯೇ ಉಳಿದ ಸಣ್ಣ ಸಣ್ಣ ಹನಿಗಳಿರುತ್ತವೆ. ತಣ್ಣಗಿನ ಲೋಹ ಬಂದು ತಾಗಿತೋ, ಅಲ್ಲೇ ಗಟ್ಟಿಯಾಗಿ ಕೂತುಬಿಡುತ್ತವೆ.

ಐಸ್ ದಪ್ಪವಾಗಿ ಕಟ್ಟಿದರೆ ಮಾತ್ರ ಅಪಾಯ ಎಂದು ನಾನೂ ತಿಳಿದಿದ್ದೆ. ಅಮೆರಿಕದ ವಿಮಾನಯಾನ ಆಡಳಿತ ಪೈಲಟ್‌ಗಳಿಗೆ ಹೇಳುವುದು ಬೇರೆಯೇ. ರೆಕ್ಕೆಯ ಮೇಲೆ ಮರಳು ಕಾಗದದಷ್ಟು ತೆಳುವಾದ, ಅಷ್ಟೇ ಒರಟಾದ ಐಸ್ ಇದ್ದರೂ ವಿಮಾನವನ್ನು ಎತ್ತಿಹಿಡಿಯುವ ಬಲ ಶೇ 30ರವರೆಗೆ ಕುಸಿಯಬಹುದು, ಹಿಂದಕ್ಕೆಳೆಯುವ ಬಲ ಶೇ 40ರಷ್ಟು ಏರಬಹುದು. ಬಡಗಿ ಅಂಗಡಿಯಲ್ಲಿ ಬಾಗಿಲು ಉಜ್ಜುವ ಆ ಕಾಗದ ನೆನಪಿಸಿಕೊಳ್ಳಿ. ಅಷ್ಟು ಸಾಕು.

1982ರ ಜನವರಿ 13ರಂದು ವಾಷಿಂಗ್ಟನ್‌ನಲ್ಲಿ ಹಿಮ ಸುರಿಯುತ್ತಿತ್ತು. ಏರ್ ಫ್ಲೋರಿಡಾದ ಬೋಯಿಂಗ್ 737 ವಿಮಾನ ಮೇಲೇರಿದ ಕೆಲವೇ ಕ್ಷಣಗಳಲ್ಲಿ ಸೇತುವೆಗೆ ಬಡಿದು ಪೊಟೊಮ್ಯಾಕ್ ನದಿಗೆ ಬಿತ್ತು. ಸೇತುವೆ ಮೇಲಿದ್ದ ನಾಲ್ವರೂ ಸೇರಿ 78 ಮಂದಿ ಸತ್ತರು. ರೆಕ್ಕೆಯ ಮೇಲೆ ಹಿಮ, ಐಸ್ ಇತ್ತು. ಅದರ ಜೊತೆಗೆ ಇನ್ನೊಂದು ಸಂಗತಿಯಿದೆ. ಎಂಜಿನ್ನಿನ ಬಾಯಲ್ಲಿ ಒತ್ತಡ ಅಳೆಯುವ ಪುಟ್ಟ ಕೊಳವೆಯೊಂದು ಐಸ್‌ನಿಂದ ಮುಚ್ಚಿಹೋಗಿತ್ತು. ಹಾಗಾಗಿ ಎಂಜಿನ್ ಕೊಡುತ್ತಿದ್ದ ಬಲ ಕಡಿಮೆಯಿದ್ದರೂ ಮೀಟರ್ ಪೂರ್ತಿ ಬಲ ತೋರಿಸುತ್ತಿತ್ತು. ಪೈಲಟ್‌ಗಳ ಕಣ್ಣ ಮುಂದಿದ್ದದ್ದು ತಪ್ಪು ಸಂಖ್ಯೆ.

1994ರಲ್ಲಿ ಇದೇ ಎಟಿಆರ್ ಜಾತಿಯ ವಿಮಾನ ಇಂಡಿಯಾನಾದ ರೋಸ್‌ಲಾನ್ ಬಳಿ ಬಿದ್ದು 68 ಜನ ತೀರಿಕೊಂಡರು. ಅಂದಿನ ಮೋಡದಲ್ಲಿದ್ದ ಹನಿಗಳು ದೊಡ್ಡವು. ಅವು ಕಪ್ಪು ರಬ್ಬರ್ ಪಟ್ಟಿಯನ್ನು ದಾಟಿ ಹಿಂದಕ್ಕೆ ಹರಿದು, ಚೀಲ ತಲುಪದ ಜಾಗದಲ್ಲಿ ಹೆಪ್ಪುಗಟ್ಟಿದ್ದವು. ಆಮೇಲೆ ಆ ಪಟ್ಟಿಯನ್ನು ಇನ್ನಷ್ಟು ಅಗಲ ಮಾಡಿದರು.

ಹಾಗಿದ್ದರೆ ಐಸ್ ಅಂಟದಂಥ ಬಣ್ಣವನ್ನೇ ಬಳಿದುಬಿಟ್ಟರೆ ಆಗದೇ? ಈ ಪ್ರಶ್ನೆಯ ಹಿಂದೆ ಜಗತ್ತಿನ ಎಷ್ಟೋ ಲ್ಯಾಬ್‌ಗಳು ಬಿದ್ದಿವೆ. ಬಳಿಯುವುದು ಆಮೇಲಿನ ಮಾತು. ಬಳಿದದ್ದು ಕೆಲಸ ಮಾಡುತ್ತಿದೆ ಎಂದು ಹೇಳಬೇಕಾದರೆ ಮೊದಲು ಐಸಿನ ಹಿಡಿತ ಎಷ್ಟೆಂದು ಅಳೆಯಬೇಕು. ನಾನು ಬರೆಯಹೊರಟಿದ್ದು ಈ ಅಳತೆಯ ಬಗ್ಗೆ.

ನಾಣ್ಯದಗಲದ ಐಸು, ಅಕ್ಕಿ ಮೂಟೆಯ ಭಾರ

ಹಿಡಿತವನ್ನು ಕಿಲೊಪಾಸ್ಕಲ್‌ನಲ್ಲಿ ಹೇಳುತ್ತಾರೆ. ಪಠ್ಯಪುಸ್ತಕದ ವ್ಯಾಖ್ಯೆ ಬೇಡ, ಲೆಕ್ಕ ಸುಲಭವಿದೆ: ಒಂದು ಚದರ ಸೆಂಟಿಮೀಟರ್ ಐಸ್ ಕೀಳಲು 10 ಗ್ರಾಂ ತೂಕದಷ್ಟು ಬಲ ಸಾಕಾದರೆ ಅದು ಹೆಚ್ಚೂಕಡಿಮೆ ಒಂದು ಕಿಲೊಪಾಸ್ಕಲ್.

2010ರಲ್ಲಿ ಅಮೆರಿಕದ ಎಂಐಟಿಯ ತಂಡವೊಂದು ಬರಿಯ ಉಕ್ಕಿನ ಬಿಲ್ಲೆಗಳನ್ನೂ 21 ಬಗೆಯ ಲೇಪನ ಹಚ್ಚಿದ ಬಿಲ್ಲೆಗಳನ್ನೂ ಮೈನಸ್ 10 ಡಿಗ್ರಿಯಲ್ಲಿ ಪರೀಕ್ಷಿಸಿತು. ಬರಿಯ ಉಕ್ಕಿಗೆ ಬಂದದ್ದು ಸುಮಾರು 700 ಕಿಲೊಪಾಸ್ಕಲ್. ಅಂದರೆ ಚದರ ಸೆಂಟಿಮೀಟರಿಗೆ ಏಳು ಕೆ.ಜಿ. ಐದು ರೂಪಾಯಿ ನಾಣ್ಯದಗಲದ ಐಸ್ ತುಂಡನ್ನು ಉಕ್ಕಿನಿಂದ ಪಕ್ಕಕ್ಕೆ ಜಾರಿಸಲು 25 ಕೆ.ಜಿ. ಅಕ್ಕಿ ಮೂಟೆಗಿಂತ ಹೆಚ್ಚಿನ ಭಾರ ಹಾಕಬೇಕು. ಅವರ ಪಟ್ಟಿಯ ಅತ್ಯುತ್ತಮ ಲೇಪನದಲ್ಲಿ ಈ ಸಂಖ್ಯೆ ಸುಮಾರು 165ಕ್ಕೆ ಇಳಿಯಿತು. ನಾಲ್ಕು ಪಟ್ಟು ಕಡಿಮೆ, ನಿಜ. ಆದರೆ 100ಕ್ಕಿಂತ ಕೆಳಗೆ ಬಂದರೆ ಮಾತ್ರ ‘ಐಸ್‌ಗೆ ಒಲ್ಲದ’ ಮೇಲ್ಮೈ ಎನ್ನುವುದು ಈ ಕ್ಷೇತ್ರದ ರೂಢಿ. ಯಾರೂ ಮುಟ್ಟದೆ, ತನ್ನದೇ ಭಾರಕ್ಕೋ ಗಾಳಿಗೋ ಐಸ್ ಉದುರಬೇಕಾದರೆ 20ಕ್ಕಿಂತ ಕಡಿಮೆಯಿರಬೇಕು ಎನ್ನುತ್ತಾರೆ.

ಜಾತ್ರೆಯಲ್ಲಿ ಕುಲ್ಫಿ ಮಾರುವವರು ಈ ಸಮಸ್ಯೆಯನ್ನು ಎಂದೋ ಬಗೆಹರಿಸಿಕೊಂಡಿದ್ದಾರೆ. ಲೋಹದ ಅಚ್ಚನ್ನು ಎರಡು ಅಂಗೈಗಳ ನಡುವೆ ಉರುಳಿಸಿ ಉಜ್ಜುತ್ತಾರೆ, ಇಲ್ಲವೇ ನೀರಿನಲ್ಲಿ ಅದ್ದಿ ತೆಗೆಯುತ್ತಾರೆ. ಕುಲ್ಫಿ ಕರಗುವುದಿಲ್ಲ, ಅಚ್ಚಿಗೆ ತಾಗಿದ ಕೂದಲೆಳೆಯಷ್ಟು ಪದರ ಮಾತ್ರ ಕರಗುತ್ತದೆ. ಜೆಟ್ ವಿಮಾನಗಳು ಎಂಜಿನ್ನಿನ ಬಿಸಿಗಾಳಿಯನ್ನು ರೆಕ್ಕೆಯ ಅಂಚಿನೊಳಗೆ ಹರಿಸುವುದು, ಬೋಯಿಂಗ್ 787ರಲ್ಲಿ ವಿದ್ಯುತ್ತಿನಿಂದ ಅಂಚನ್ನು ಕಾಯಿಸುವುದು ಹೆಚ್ಚೂಕಡಿಮೆ ಇದೇ ಉಪಾಯ. ಆದರೆ ಶಾಖಕ್ಕೆ ಇಂಧನ ಬೇಕು. ಲೇಪನ ಒಂದೇ ಆ ಕೆಲಸ ಮಾಡಿಬಿಟ್ಟರೆ ಉಳಿತಾಯ ದೊಡ್ಡದು. ಅದಕ್ಕೇ ಇಷ್ಟೆಲ್ಲ ಓಟ.

ತಳ್ಳುವುದೋ, ಎಳೆಯುವುದೋ, ತಿರುಗಿಸುವುದೋ

ಅಳೆಯುವ ದಾರಿಗಳು ಹಲವು. ಎಲ್ಲಕ್ಕಿಂತ ಸರಳವಾದದ್ದು ತಳ್ಳುವುದು. ತಟ್ಟೆಯ ಮೇಲೊಂದು ಸಣ್ಣ ಅಚ್ಚಿಟ್ಟು, ನೀರು ಹಾಕಿ, ಹೆಪ್ಪುಗಟ್ಟಿಸಿ, ಬಲ ತೋರಿಸುವ ಮೀಟರಿಗೆ ಜೋಡಿಸಿದ ಕಡ್ಡಿಯಿಂದ ಪಕ್ಕದಿಂದ ನೂಕುವುದು. ಐಸ್ ಬಿಟ್ಟ ಕ್ಷಣದ ಬಲವನ್ನು ತಳದ ವಿಸ್ತೀರ್ಣದಿಂದ ಭಾಗಿಸಿದರೆ ಉತ್ತರ.

ಇನ್ನೊಂದು ವಿಧಾನ ನನಗೆ ಬಹಳ ಇಷ್ಟ. ಕೆನಡಾದ ಕ್ವಿಬೆಕ್ ಪ್ರಾಂತ್ಯದ ಶಿಕುಟಿಮಿಯಲ್ಲಿ ಐಸಿಗೆಂದೇ ಮೀಸಲಾದ ಪ್ರಯೋಗಾಲಯವಿದೆ, ಹೆಸರು ಎಎಂಐಎಲ್. ಅಲ್ಲಿ ಅಲ್ಯುಮಿನಿಯಂ ಪಟ್ಟಿಯ ಒಂದು ತುದಿಗೆ ಐಸ್ ಕಟ್ಟಿಸಿ, ಇನ್ನೊಂದು ತುದಿಗೆ ಸಮತೂಕ ಕೊಟ್ಟು, ವಾಷಿಂಗ್ ಮಷೀನ್ ಡ್ರೈಯರಿನಂತೆ ತಿರುಗಿಸುತ್ತಾರೆ. ವೇಗ ಏರುತ್ತಾ ಹೋಗಿ ಒಂದು ಹಂತದಲ್ಲಿ ಐಸ್ ಕಿತ್ತು ತೊಟ್ಟಿಯ ಗೋಡೆಗೆ ಬಡಿಯುತ್ತದೆ. ಗೋಡೆಯ ಸೆನ್ಸರ್ ಆ ಕ್ಷಣವನ್ನು ಹಿಡಿಯುತ್ತದೆ. ಐಸಿನ ತೂಕ, ತ್ರಿಜ್ಯ, ವೇಗ ಗೊತ್ತಿದ್ದರೆ ಬಲದ ಲೆಕ್ಕ ಪಿಯುಸಿ ಭೌತಶಾಸ್ತ್ರವೇ.

ಕ್ವಿಬೆಕ್‌ನವರಿಗೆ ಇದರ ಮೇಲೆ ಇಷ್ಟೊಂದು ಆಸಕ್ತಿ ಏಕೆ ಎಂದರೆ, ಅಲ್ಲಿ ಐಸ್ ವಿಮಾನವನ್ನಷ್ಟೇ ಕಾಡುವುದಿಲ್ಲ. 1998ರ ಜನವರಿಯಲ್ಲಿ ದಿನಗಟ್ಟಲೆ ಸುರಿದ ಹೆಪ್ಪುಗಟ್ಟುವ ಮಳೆ ವಿದ್ಯುತ್ ತಂತಿಗಳ ಮೇಲೆ ಕಟ್ಟುತ್ತಾ ಹೋಗಿ, ಭಾರ ತಾಳಲಾರದೆ ಸಾವಿರಕ್ಕೂ ಹೆಚ್ಚು ಉಕ್ಕಿನ ಟವರ್‌ಗಳು ಮಡಚಿಕೊಂಡು ಬಿದ್ದವು. ಚಳಿಗಾಲದ ನಡುವೆ ಲಕ್ಷಾಂತರ ಮನೆಗಳಲ್ಲಿ ಕರೆಂಟಿಲ್ಲ.

ಮತ್ತೆ ಅಳತೆಗೆ ಬರೋಣ. ನೇರ ಮೇಲಕ್ಕೆ ಎಳೆದು ಕೀಳುವ ಪರೀಕ್ಷೆಯೂ ಇದೆ. ಅದರಲ್ಲೊಂದು ತಮಾಷೆ. 1950ರ ದಶಕದ ಕೊನೆಯಲ್ಲಿ ಜೆಲಿನೆಕ್ ಎಂಬ ವಿಜ್ಞಾನಿ ಸ್ಟೇನ್‌ಲೆಸ್ ಸ್ಟೀಲಿನ ಮೇಲಿನ ಐಸನ್ನು ಎರಡೂ ಬಗೆಯಲ್ಲಿ ಪರೀಕ್ಷಿಸಿದರು. ಪಕ್ಕಕ್ಕೆ ಜಾರಿಸಿದಾಗ ಐಸ್ ಲೋಹವನ್ನು ಬಿಟ್ಟು ಬಂತು. ಮೇಲಕ್ಕೆ ಎಳೆದಾಗ ಐಸೇ ನಡುವೆ ಮುರಿಯಿತು, ಬುಡ ಲೋಹಕ್ಕೆ ಅಂಟಿಕೊಂಡೇ ಉಳಿಯಿತು. ಈ ಎರಡನೆಯದರಲ್ಲಿ ಮೀಟರ್ ತೋರಿಸಿದ್ದು ಐಸಿನ ಸ್ವಂತ ಗಟ್ಟಿತನ. ಲೋಹದ ಮೇಲಿನ ಹಿಡಿತ ಅದಕ್ಕಿಂತ ಹೆಚ್ಚು ಎಂದಷ್ಟೇ ಗೊತ್ತಾಯಿತು, ಎಷ್ಟು ಹೆಚ್ಚು ಎಂದು ಗೊತ್ತಾಗಲಿಲ್ಲ. ಹಾಗಾಗಿ ಸಂಖ್ಯೆ ಬರೆದುಕೊಂಡ ಮೇಲೆ ತಟ್ಟೆಯನ್ನೂ ನೋಡಬೇಕು. ಹೊಳೆಯುತ್ತಿದೆಯೋ, ಐಸಿನ ಪೊರೆ ಉಳಿದಿದೆಯೋ?

ಕ್ಯಾಂಟೀನ್ ಫ್ರೀಜರಿನಲ್ಲಿ ನಾಲ್ಕು ತಿಂಗಳು

ನಾನು ಮೆಕ್ಯಾನಿಕಲ್ ಓದಿದವನು. ಕೊನೆಯ ವರ್ಷದ ಪ್ರಾಜೆಕ್ಟಿಗೆ ನಾವು ನಾಲ್ವರು ಇದೇ ವಿಷಯ ಹಿಡಿದಿದ್ದೆವು. ಲಕ್ಷಗಟ್ಟಲೆ ಬೆಲೆಯ ಯಂತ್ರ ನಮ್ಮಲ್ಲಿರಲಿಲ್ಲ. ಇದ್ದದ್ದು ಕ್ಯಾಂಟೀನಿನ ಹಳೆಯ ಡೀಪ್ ಫ್ರೀಜರ್, ಪಿವಿಸಿ ಪೈಪಿನಿಂದ ಕೊಯ್ದ ಉಂಗುರಗಳು, ಅಲ್ಯುಮಿನಿಯಂ ತಟ್ಟೆಗಳು, ಸೂಟ್‌ಕೇಸ್ ತೂಗುವ ಕೊಕ್ಕೆಯ ಡಿಜಿಟಲ್ ತಕ್ಕಡಿ. ಉಂಗುರದೊಳಗೆ ನೀರು ಹೆಪ್ಪುಗಟ್ಟಿದ ಮೇಲೆ ಅದಕ್ಕೆ ದಾರ ಸುತ್ತಿ ತಕ್ಕಡಿಯಿಂದ ಅಡ್ಡಕ್ಕೆ ಎಳೆಯುವುದು. ‘ನಮ್ಮ ಐಸ್‌ಕ್ರೀಮ್ ಪಕ್ಕ ಏನೋ ಪೈಪು ಇಡ್ತೀರಲ್ಲಪ್ಪಾ’ ಎಂದು ಕ್ಯಾಂಟೀನ್ ಅಣ್ಣ ದಿನಾ ಗೊಣಗುತ್ತಿದ್ದರು, ಆದರೆ ಒಂದು ದಿನವೂ ತೆಗೆಯಲಿಲ್ಲ.

ಮೊದಲು ಕಲಿತದ್ದು: ತಟ್ಟೆಯನ್ನು ಹೊರಗೆ ತಂದು ಎಳೆಯುವಂತಿಲ್ಲ. ನಮ್ಮೂರಿನ ಸೆಖೆಗೆ ತಳದ ಪದರ ಬೇಗ ಮೆತ್ತಗಾಗುತ್ತದೆ. ಫ್ರೀಜರಿನೊಳಗೇ ಕೈ ಹಾಕಿ ಎಳೆಯಬೇಕು. ಎರಡನೆಯದು ದಾರದ ಎತ್ತರ. ತಟ್ಟೆಗೆ ತಾಗಿದಂತೆ ಕಟ್ಟಿದರೆ ಐಸ್ ಗಟ್ಟಿಯಾಗಿ ಕೂರುತ್ತದೆ. ದಾರ ಸ್ವಲ್ಪ ಮೇಲೆ ಸರಿದರೆ ಮರವನ್ನು ತಲೆ ಹಿಡಿದು ಬಗ್ಗಿಸಿದಂತಾಗಿ, ಹಿಂದಿನ ಅಂಚು ಎದ್ದು, ಐಸ್ ಸುಲಭವಾಗಿ ಬಿಟ್ಟುಬರುತ್ತದೆ. ಐಸು ಅದೇ, ತಟ್ಟೆ ಅದೇ, ಸಂಖ್ಯೆ ಮಾತ್ರ ಕಡಿಮೆ. ದೊಡ್ಡ ಲ್ಯಾಬ್‌ಗಳ ಪ್ರಬಂಧಗಳಲ್ಲೂ ತಳ್ಳುವ ಕಡ್ಡಿ ಮೇಲ್ಮೈಯಿಂದ ಎಷ್ಟು ಮಿಲಿಮೀಟರ್ ಮೇಲಿತ್ತು ಎಂದು ಯಾಕೆ ಬರೆಯುತ್ತಾರೆ ಎನ್ನುವುದು ಆಗ ಅರ್ಥವಾಯಿತು. ಬೆರಳಿನ ಜಿಡ್ಡು ತಾಗಿದ ತಟ್ಟೆಯಲ್ಲೂ ಹಿಡಿತ ಇಳಿಯುತ್ತಿತ್ತು. ಸ್ವಲ್ಪ ಬೆವರು ಒರೆಸಿದ ಕೈಯನ್ನೇ ‘ಹೊಸ ಲೇಪನ’ ಎಂದು ಪೇಟೆಂಟ್ ಮಾಡಿಸೋಣವೇ ಎಂದು ನಗಾಡಿದ್ದೆವು.

ಎಲ್ಲ ಜೋಪಾನ ಮಾಡಿದ ಮೇಲೂ ಒಂದೇ ತಟ್ಟೆಯಲ್ಲಿ ಹತ್ತು ಸಲ ಎಳೆದರೆ ಹತ್ತು ಸಂಖ್ಯೆ ಬರುತ್ತಿತ್ತು. ರಿವ್ಯೂ ಹಿಂದಿನ ರಾತ್ರಿ ಗೆಳೆಯನೊಬ್ಬ, ‘ಲೋ, ಆ ಮೂರು ಪಾಯಿಂಟ್ ತೆಗೆದುಬಿಡೋ, ಗ್ರಾಫ್ ಚೆನ್ನಾಗಿ ಕಾಣ್ತದೆ’ ಅಂದ. ಗೈಡ್ ಮೇಡಂ ಒಪ್ಪಲಿಲ್ಲ. ‘ಐಸ್ ಹಾಗೆ ಇದ್ರೆ ಹಾಗೇ ತೋರಿಸ್ರಿ. ಯಾಕೆ ಏರುಪೇರು ಅಂತ ಕೇಳ್ತಾರೆ, ಅದಕ್ಕೆ ಉತ್ತರ ತಯಾರು ಮಾಡ್ಕೊಳ್ಳಿ’ ಎಂದರು. ಐಸ್ ಕರಕರ ಒಡೆಯುವ ವಸ್ತು. ತಳದಲ್ಲಿ ಎಲ್ಲೋ ಒಂದು ಗಾಳಿಗುಳ್ಳೆ, ಒಂದು ಗೀರು ಇದ್ದರೆ ಬಿರುಕು ಅಲ್ಲಿಂದಲೇ ಹೊರಡುತ್ತದೆ. ಆ ಗುಳ್ಳೆ ಪ್ರತಿ ಸಲ ಒಂದೇ ಜಾಗದಲ್ಲಿ ಇರುವುದಿಲ್ಲ. ಹಾಗಾಗಿ ಏರುಪೇರು ನಮ್ಮ ತಕ್ಕಡಿಯೊಂದರ ದೋಷವಲ್ಲ, ಐಸಿನ ಸ್ವಭಾವವೇ ಅದು.

ತಾವರೆ ಎಲೆ ಕೈಕೊಡುವ ಜಾಗ

‘ತಾವರೆ ಎಲೆಯ ಮೇಲಿನ ನೀರಿನಂತೆ’ ಎನ್ನುತ್ತೇವಲ್ಲ, ಈ ಕ್ಷೇತ್ರದಲ್ಲಿ ಅನೇಕರು ಶುರು ಮಾಡಿದ್ದೂ ಅಲ್ಲಿಂದಲೇ. ಎಲೆಯ ಮೇಲಿನ ಕಣ್ಣಿಗೆ ಕಾಣದ ಉಬ್ಬುಗಳ ತುದಿಯಲ್ಲಿ ಹನಿ ಕೂತಿರುತ್ತದೆ, ಅಡಿಯಲ್ಲಿ ಗಾಳಿ. ಅಂಥ ಮೇಲ್ಮೈಯನ್ನು ಲೋಹದ ಮೇಲೆ ಮಾಡಿದರೆ ನೀರೇ ನಿಲ್ಲುವುದಿಲ್ಲ, ಇನ್ನು ಐಸ್ ಹೇಗೆ ನಿಂತೀತು? ಕೇಳಲು ಸರಿಯಾಗಿಯೇ ಇದೆ.

ಎಂಐಟಿಯ ಕೃಪಾ ವಾರಣಾಸಿ ಮತ್ತು ಸಂಗಡಿಗರು 2010ರಲ್ಲಿ ಇದರ ತೊಡಕನ್ನು ತೋರಿಸಿದರು. ತೇವವಿರುವ ತಣ್ಣನೆಯ ಗಾಳಿಯಲ್ಲಿ ಹನಿ ಮೇಲಿನಿಂದ ಬೀಳಬೇಕೆಂದೇನೂ ಇಲ್ಲ. ಆವಿಯೇ ಆ ಉಬ್ಬುಗಳ ಸಂದಿಯಲ್ಲಿ ನೇರವಾಗಿ ಹಿಮವಾಗಿ ಕೂರುತ್ತದೆ. ಆಮೇಲೆ ಬಂದ ಐಸ್ ಆ ಸಂದಿಗಳಲ್ಲಿ ಬೇರು ಬಿಟ್ಟಂತೆ ಹಿಡಿದುಕೊಳ್ಳುತ್ತದೆ. ನಯವಾದ ಮೇಲ್ಮೈಗಿಂತ ಹೆಚ್ಚು ಗಟ್ಟಿಯಾಗಿ! ನೀರು ನಿಲ್ಲದ ಜಾಗದಲ್ಲಿ ಐಸೂ ನಿಲ್ಲದು ಎಂಬ ಜಾಹೀರಾತು ಕಂಡರೆ ನಾನಂತೂ ಈಗ ಹುಬ್ಬೇರಿಸುತ್ತೇನೆ.

ಬೇರೆ ದಾರಿಗಳೂ ತೆರೆದುಕೊಂಡವು. ಹಾರ್ವರ್ಡ್‌ನ ಜೊಆನಾ ಐಜನ್‌ಬರ್ಗ್ ಅವರ ತಂಡ ಸಂದಿಗಳಲ್ಲಿ ಗಾಳಿಯ ಬದಲು ಎಣ್ಣೆಯಂಥ ದ್ರವ ತುಂಬಿಸಿತು, ದೋಸೆ ಕಾವಲಿಗೆ ಎಣ್ಣೆ ಸವರಿದ ಹಾಗೆ. ಅಲ್ಯುಮಿನಿಯಂ ಮೇಲೆ ಹಿಡಿತ 20 ಕಿಲೊಪಾಸ್ಕಲ್‌ಗಿಂತ ಕೆಳಗಿಳಿಯಿತು. ಎಣ್ಣೆ ಖಾಲಿಯಾದರೆ ಮುಂದೇನು ಎಂಬುದು ಅಲ್ಲಿನ ತಲೆನೋವು. 2016ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಅನೀಶ್ ತುತೇಜಾ ಮತ್ತು ಅವರ ವಿದ್ಯಾರ್ಥಿ ಕೆವಿನ್ ಗೊಲೊವಿನ್ ಅವರಿದ್ದ ತಂಡ ಮೆತ್ತನೆಯ ರಬ್ಬರ್ ಲೇಪನಗಳಲ್ಲಿ 0.2 ಕಿಲೊಪಾಸ್ಕಲ್‌ಗಿಂತ ಕಡಿಮೆ ಸಂಖ್ಯೆಯನ್ನು ವರದಿ ಮಾಡಿತು. ಚದರ ಸೆಂಟಿಮೀಟರಿಗೆ ಎರಡು ಗ್ರಾಂ! ಬರಿಯ ಉಕ್ಕಿನ ಏಳು ಕೆ.ಜಿ. ಪಕ್ಕದಲ್ಲಿಟ್ಟು ನೋಡಿ.

ಒಂದೇ ಲೋಹ, ಎರಡು ಲ್ಯಾಬ್

ಇಲ್ಲಿ ನೀವು ಕೇಳಬಹುದು: ಎಂಐಟಿಯ 165, ಹಾರ್ವರ್ಡ್‌ನ 20ರೊಳಗಿನ ಸಂಖ್ಯೆ, ಮಿಷಿಗನ್‌ನ 0.2, ಇವನ್ನು ಹೀಗೆ ಸಾಲಾಗಿ ನಿಲ್ಲಿಸಿ ರ‍್ಯಾಂಕ್ ಕೊಡಬಹುದೇ? ಕೊಡಲಾಗದು. ಯಂತ್ರ ಬೇರೆ, ಐಸ್ ಕಟ್ಟಿಸಿದ ರೀತಿ ಬೇರೆ, ತುಂಡಿನ ಅಳತೆ ಬೇರೆ.

ಬಣ್ಣದ ಉದ್ಯಮದಲ್ಲಿ ಈ ಗೊಂದಲವಿಲ್ಲ. ಕಾರು, ಬೈಕು ತಯಾರಿಸುವ ಕಾರ್ಖಾನೆಯ ಪೇಂಟ್ ಶಾಪ್‌ನಲ್ಲಿ ಇಂಟರ್ನ್‌ಶಿಪ್ ಮಾಡಿದವರಿಗೆ ಕ್ರಾಸ್ ಕಟ್ ಟೆಸ್ಟ್ ಗೊತ್ತು. ಬ್ಲೇಡಿನಿಂದ ಚೌಕುಳಿ ಗೀರಿ, ಟೇಪ್ ಅಂಟಿಸಿ ಕಿತ್ತು, ಎಷ್ಟು ಚೌಕ ಎದ್ದುಬಂತು ನೋಡುವುದು. ಅದಕ್ಕೆ ಎಎಸ್‌ಟಿಎಂ ಮಾನದಂಡವಿದೆ, ಮನೇಸರದಲ್ಲಿ ಮಾಡಿದರೂ ಬಿಡದಿಯಲ್ಲಿ ಮಾಡಿದರೂ ಕ್ರಮ ಒಂದೇ. ಐಸಿಗೆ ಹಾಗೆ ಎಲ್ಲರೂ ಒಪ್ಪಿ ಬಳಸುವ ಒಂದೇ ಕ್ರಮ ನೆಲೆಯೂರಿಲ್ಲ.

2019ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ನಾರ್ವೆಯ ಲ್ಯಾಬ್ ಮತ್ತು ಕೆನಡಾದ ಎಎಂಐಎಲ್ ಕೈಜೋಡಿಸಿದವು. ಬರಿಯ ಅಲ್ಯುಮಿನಿಯಂ ಮತ್ತು ಮಾರುಕಟ್ಟೆಯಲ್ಲಿ ಸಿಗುವ ಒಂದು ಲೇಪನ, ಇವೆರಡನ್ನೂ ಒಂದೇ ರೀತಿ ಸಿದ್ಧಪಡಿಸಿ, ಮೈನಸ್ 10 ಮತ್ತು ಮೈನಸ್ 18 ಡಿಗ್ರಿಯಲ್ಲಿ ಪರೀಕ್ಷಿಸಿದವು. ಒಂದು ಕಡೆ ತಳ್ಳುವ ಯಂತ್ರ, ಇನ್ನೊಂದು ಕಡೆ ತಿರುಗಿಸುವ ಯಂತ್ರ. ಹೆಪ್ಪುಗಟ್ಟಿಸಿದ ನೀರಿನ ಐಸಿಗೆ ತಳ್ಳುವ ಯಂತ್ರ ಪ್ರತಿ ಸಲವೂ ಹೆಚ್ಚಿನ ಸಂಖ್ಯೆ ಕೊಟ್ಟಿತು. ಆದರೆ ಯಾವುದು ಹೆಚ್ಚು ಅಂಟುತ್ತದೆ, ಯಾವುದು ಕಡಿಮೆ ಎಂಬ ಒಲವು ಎರಡರಲ್ಲೂ ಹೊಂದುತ್ತಿತ್ತು. ಜೊತೆಗೊಂದು ಅಚ್ಚರಿ: ಚಳಿ ಹೆಚ್ಚಿದಂತೆ ಹಿಡಿತ ಬಿಗಿಯಾಗಬೇಕೆಂದು ನಮಗನ್ನಿಸುತ್ತದೆ, ಅಲ್ಯುಮಿನಿಯಂ ಮೇಲೆ ಅದು ಮೈನಸ್ 18ರಲ್ಲಿ ಕಡಿಮೆಯಾಗಿತ್ತು. ತಣ್ಣಗಾದಾಗ ಐಸ್ ಅಲ್ಯುಮಿನಿಯಂಗಿಂತ ಸುಮಾರು ಎರಡು ಪಟ್ಟು ಹೆಚ್ಚು ಕುಗ್ಗುತ್ತದೆ. ಒಂದೇ ಚಾಪೆಯ ಮೇಲೆ ಮಲಗಿದವರಲ್ಲಿ ಒಬ್ಬ ಹೊದಿಕೆ ಎಳೆದುಕೊಂಡ ಹಾಗೆ ನಡುವಿನ ಪದರ ಮೊದಲೇ ಬಿಗಿದು ನಿಂತಿರುತ್ತದೆ. ಕಾರಣ ಇದಿರಬಹುದು.

ಎಎಂಐಎಲ್‌ನವರು ಈ ಗೋಜಲಿಗೆ ಕಂಡುಕೊಂಡ ಉಪಾಯ ನನಗೆ ಹಿಡಿಸಿತು. ಪ್ರತಿ ಸಲ ಲೇಪನವಿರುವ ಪಟ್ಟಿಗಳ ಜೊತೆಗೇ ಬರಿಯ ಅಲ್ಯುಮಿನಿಯಂ ಪಟ್ಟಿಗಳನ್ನೂ ಅದೇ ಮಳೆಗೆ ಒಡ್ಡಿ, ಅದೇ ದಿನ ತಿರುಗಿಸಿ, ಲೇಪನದಿಂದ ಹಿಡಿತ ಎಷ್ಟು ಪಟ್ಟು ಇಳಿಯಿತು ಎಂಬ ಅನುಪಾತವನ್ನು ಹೇಳುತ್ತಾರೆ. ಅಂದಿನ ಐಸಿನ ಗುಣ, ಯಂತ್ರದ ಗುಣ ಎರಡೂ ಬಹುಮಟ್ಟಿಗೆ ವಜಾ ಆಗಿಹೋಗುತ್ತವೆ. ನಾವೂ ಕ್ಯಾಂಟೀನ್ ಫ್ರೀಜರಿನಲ್ಲಿ ಇದನ್ನೇ ಮಾಡಿದೆವು. ತಕ್ಕಡಿ ಐದು ಶೇಕಡ ತಪ್ಪು ತೋರಿಸಿದರೂ ಎರಡೂ ಕಡೆ ಅದೇ ಐದು ಶೇಕಡ ತಾನೇ?

ಅನುಪಾತಕ್ಕೂ ಜಗ್ಗದ ಒಂದು ವಿಷಯ ಉಳಿಯುತ್ತದೆ: ತುಂಡಿನ ಗಾತ್ರ. 2019ರಲ್ಲೇ ಗೊಲೊವಿನ್, ತುತೇಜಾ ತಂಡ ‘ಸೈನ್ಸ್’ ಪತ್ರಿಕೆಯಲ್ಲಿ ಇದನ್ನು ಬಿಡಿಸಿ ಹೇಳಿತು. ಕೆಲವು ಲೇಪನಗಳ ಮೇಲೆ ಐಸಿನ ಉದ್ದ ಒಂದು ಮಿತಿ ದಾಟಿದರೆ ಅದನ್ನು ಕೀಳುವ ಬಲ ಮತ್ತೆ ಏರುವುದೇ ಇಲ್ಲ. ಗೋಡೆಯ ಸಿನಿಮಾ ಪೋಸ್ಟರನ್ನು ಮೂಲೆಯಿಂದ ಎತ್ತಿದರೆ ಪೋಸ್ಟರ್ ಎಷ್ಟುದ್ದವಿದ್ದರೂ ಒಂದೇ ಬಲಕ್ಕೆ ಸರ್ರನೆ ಬರುತ್ತದಲ್ಲ, ಹಾಗೆ. ಒಮ್ಮೆ ಬಿರುಕು ಹೊರಟರೆ ಅದು ತಾನೇ ಓಡುತ್ತದೆ. ಹಾಗಿರುವಾಗ ಬಲವನ್ನು ವಿಸ್ತೀರ್ಣದಿಂದ ಭಾಗಿಸಿ ಕಿಲೊಪಾಸ್ಕಲ್ ಹೇಳುವುದಕ್ಕೇ ಅರ್ಥ ಉಳಿಯುವುದಿಲ್ಲ. ತುಂಡು ದೊಡ್ಡದಾದಷ್ಟೂ ಸಂಖ್ಯೆ ತಂತಾನೇ ಚಿಕ್ಕದಾಗುತ್ತದೆ. ನಾಣ್ಯದಗಲದ ತುಂಡಿನಲ್ಲಿ ಗೆದ್ದ ಲೇಪನ ರೆಕ್ಕೆಯಗಲದಲ್ಲಿ ಸೋಲಬಹುದು, ಸೋತದ್ದು ಗೆಲ್ಲಲೂಬಹುದು.

ಕಳೆದ ತಿಂಗಳು ಲೇಪನಗಳನ್ನು ತಯಾರಿಸುವ ಕಂಪನಿಯೊಂದರ ಸಂದರ್ಶನಕ್ಕೆ ಹೋಗಿದ್ದೆ. ರೆಸ್ಯೂಮೆಯಲ್ಲಿ ಪ್ರಾಜೆಕ್ಟ್ ಹೆಸರು ನೋಡಿದ ಹಿರಿಯರು, ‘ಸರಿ, ಉತ್ತರ ಎಷ್ಟು ಬಂತು ಅಂತ ಆಮೇಲೆ ಹೇಳಿ. ಎಷ್ಟು ಸಲ ಎಳೆದಿರಿ? ದಾರ ಎಲ್ಲಿ ಕಟ್ಟಿದಿರಿ?’ ಎಂದು ಶುರು ಮಾಡಿದರು. ಆ ಮೂರು ಪಾಯಿಂಟ್‌ಗಳ ಬಗ್ಗೆಯೇ ಹತ್ತು ನಿಮಿಷ ಮಾತಾಯಿತು. ಕೆಲಸ ಸಿಕ್ಕಿತೇ ಎಂದು ಮಾತ್ರ ಕೇಳಬೇಡಿ. ಎರಡನೇ ಸುತ್ತಿಗೆ ಬರಹೇಳಿದ್ದಾರೆ.

ಫ್ರೀಜರ್ ಈಗ ಜೂನಿಯರ್‌ಗಳ ಕೈಯಲ್ಲಿದೆ. ಉಂಗುರದಲ್ಲಿ ನಿಧಾನಕ್ಕೆ ಹೆಪ್ಪುಗಟ್ಟುವ ಐಸು ಮೋಡದಲ್ಲಿ ರಪ್ಪನೆ ಬಡಿದು ಕೂರುವ ಐಸಿನಂತಲ್ಲ ಎಂದು ಅವರ ವಾದ. ಅದು ನಿಜವೇ. ಅಮೆರಿಕದ ನಾಸಾ ಇದಕ್ಕೆಂದೇ ಕ್ಲೀವ್‌ಲ್ಯಾಂಡ್‌ನಲ್ಲಿ 1944ರಲ್ಲೇ ಶುರುವಾದ ಗಾಳಿಸುರಂಗವೊಂದನ್ನು ನಡೆಸುತ್ತಿದೆ. ನಮ್ಮ ಹುಡುಗರು ಗಿಡಕ್ಕೆ ಔಷಧಿ ಹೊಡೆಯುವ ಸ್ಪ್ರೇಯರ್ ತಂದು ತಣ್ಣೀರು ಸಿಂಪಡಿಸುತ್ತಿದ್ದಾರೆ. ಸದ್ಯಕ್ಕೆ ತಟ್ಟೆಗಿಂತ ಮೊದಲು ನಳಿಕೆಯೇ ಹೆಪ್ಪುಗಟ್ಟುತ್ತಿದೆಯಂತೆ.